ಹೊಳೆಯವರೆಗೆ ಎರಡು ಗಾಲಿ

ಕಯಾಕ್ ನೀರಿನ ಮೇಲಿದ್ದಾಗ ಸಣ್ಣ ಮಗುವೂ ಅದನ್ನು ಬೆರಳ ತುದಿಯಿಂದ ದೂಡಬಹುದು. ಅದೇ ಕಯಾಕನ್ನು ಕಾರಿನ ನೆತ್ತಿಯಿಂದ ಇಳಿಸಿ ನೆಲಕ್ಕಿಟ್ಟರೆ ಹೆಣಭಾರ. ಒಬ್ಬರೇ ಕೂರುವ ಪ್ಲಾಸ್ಟಿಕ್ ಕಯಾಕ್ ಸಾಮಾನ್ಯವಾಗಿ 20ರಿಂದ 30 ಕಿಲೋ ತೂಗುತ್ತದೆ, ಇಬ್ಬರು ಕೂರುವುದು 30ರಿಂದ 40 ಕಿಲೋ. ಪೆಡಲ್ ತುಳಿದು ಸಾಗುವ, ಗಾಳ ಹಾಕುವವರಿಗೆಂದೇ ಮಾಡಿದ ಕಯಾಕುಗಳಲ್ಲಿ ಕೆಲವು 50 ಕಿಲೋ ದಾಟುತ್ತವೆ. ತೂಕವೊಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಮೂರು ನಾಲ್ಕು ಮೀಟರ್ ಉದ್ದ, ನುಣುಪಾದ ಹೊಟ್ಟೆ, ನಡುವಿನಲ್ಲಿ ಹಿಡಿಯಲು ಏನೂ ಇಲ್ಲ, ಗಾಳಿ ಬೀಸಿದರೆ ಹೆಗಲ ಮೇಲೇ ತಿರುಗಿಬಿಡುತ್ತದೆ. ಇಬ್ಬರಿದ್ದರೆ ಹಿಂದೊಬ್ಬರು ಮುಂದೊಬ್ಬರು ಹಿಡಿದು ಹೋಗಬಹುದು. ಒಬ್ಬರೇ ಇದ್ದಾಗ ಬೇಕಾಗುವುದು ಎರಡು ಗಾಲಿಯ ಒಂದು ಪುಟ್ಟ ಟ್ರಾಲಿ.

ಕಯಾಕ್ ಹುಟ್ಟಿದ ಕಡೆ ಇಂಥ ಟ್ರಾಲಿಯ ಅಗತ್ಯ ಇರಲಿಲ್ಲ. ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆಯ ಇನ್ಯುಟ್ ಬೇಟೆಗಾರರು ನೀರಲ್ಲಿ ತೇಲಿಬಂದ ಮರದ ತುಂಡುಗಳಿಂದ ಹಂದರ ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಹೊಲಿದು ದೋಣಿ ಮಾಡಿಕೊಳ್ಳುತ್ತಿದ್ದರು. ಒಬ್ಬನೇ ಎತ್ತಿ ಮಂಜುಗಡ್ಡೆ ದಾಟಿಸಿ ಮತ್ತೆ ನೀರಿಗಿಡುವಷ್ಟು ಅದು ಹಗುರ. 1905ರಲ್ಲಿ ಮ್ಯೂನಿಕ್‌ನ ವಾಸ್ತುಶಿಲ್ಪದ ವಿದ್ಯಾರ್ಥಿ ಆಲ್ಫ್ರೆಡ್ ಹೊಯ್ರಿಶ್ ಮಡಚುವ ಕಯಾಕ್ ಮಾಡಿದ. ಎರಡು ವರ್ಷದ ಬಳಿಕ ರೋಸೆನ್‌ಹೈಮ್ ಊರಿನ ದರ್ಜಿ ಯೋಹಾನ್ ಕ್ಲೆಪ್ಪರ್ ಅದರ ಹಕ್ಕು ಪಡೆದು ಮಾರಾಟಕ್ಕಿಳಿದ. ಈ ದೋಣಿ ಚೀಲದೊಳಗೆ ಹೋಗುತ್ತಿತ್ತು. ಜನ ಅದನ್ನು ರೈಲಿಗೆ ಹೇರಿ ಹೊಳೆ ಇರುವ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಇಂಥದೇ ಮಡಚುವ ದೋಣಿಯಲ್ಲಿ 1932ರಲ್ಲಿ ಜರ್ಮನಿಯ ಉಲ್ಮ್‌ನಿಂದ ಹೊರಟ ಆಸ್ಕರ್ ಸ್ಪೆಕ್ ಎಂಬಾತ ಏಳು ವರ್ಷ ಹುಟ್ಟು ಹಾಕಿ 1939ರಲ್ಲಿ ಆಸ್ಟ್ರೇಲಿಯಾದ ನೆಲ ಮುಟ್ಟಿದ. ನಮ್ಮ ಪಡುವಣ ಕರಾವಳಿಯ ಗುಂಟ ಸಾಗಿಯೇ ಅವನು ಸಿಲೋನ್ ಸೇರಿದ್ದು. ನಡುವೆ ಸಿರಿಯಾದ ಕಡಲ ದಂಡೆಯಿಂದ ಯೂಫ್ರೆಟಿಸ್ ನದಿಯವರೆಗೆ ಅವನ ದೋಣಿ ಬಸ್ಸಿನಲ್ಲಿ ಪ್ರಯಾಣ ಮಾಡಿತ್ತು.

1970ರ ದಶಕದಲ್ಲಿ ಕಯಾಕಿನ ಬೆಲೆಯೂ ತೂಕವೂ ಬದಲಾದವು. ಬಿಸಿ ಅಚ್ಚಿನಲ್ಲಿ ಪಾಲಿಥಿಲೀನ್ ಪುಡಿ ಹಾಕಿ, ಅಚ್ಚನ್ನು ತಿರುಗಿಸುತ್ತಾ ಇಡೀ ದೋಣಿಯನ್ನು ಒಂದೇ ತುಂಡಾಗಿ ಎರಕ ಹೊಯ್ಯುವ ವಿಧಾನ ಬಂತು. ನಮ್ಮ ಮನೆಗಳ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕುಗಳೂ ಇದೇ ವಿಧಾನದವು. ಬಂಡೆಗೆ ಬಡಿದರೂ ಒಡೆಯದ, ಬೆಲೆ ಕೈಗೆಟಕುವ ದೋಣಿ ಸಿಕ್ಕಿತು, ಜೊತೆಗೆ ಬೆನ್ನುನೋವೂ ಬಂತು. ಆ ಬೆನ್ನುನೋವಿಗೆ ಮದ್ದು ಟ್ರಾಲಿ.

ಟ್ರಾಲಿ ಎಂದರೆ ಒಂದು ಅಚ್ಚು, ಎರಡು ಗಾಲಿ, ದೋಣಿಯ ಹೊಟ್ಟೆಯನ್ನು ಹೊರುವ ಎರಡು ಮೆತ್ತೆ, ಕಟ್ಟಲು ಒಂದು ಪಟ್ಟಿ. ತೂಕ ಮೂರರಿಂದ ಆರು ಕಿಲೋ. ಇಷ್ಟು ಸರಳವಾದ ವಸ್ತುವನ್ನು ಕೊಳ್ಳುವಾಗ ಜನ ನೋಡುವುದು ತಮ್ಮ ದೋಣಿಗೆ ಹೊಂದುತ್ತದೆಯೇ ಎಂದು. ಅದು ಬೇಕು, ಆದರೆ ಮೊದಲು ನೋಡಬೇಕಾದದ್ದು ಅದಲ್ಲ. ಗಾಲಿ ಭಾರವನ್ನು ಮಾಯ ಮಾಡುವುದಿಲ್ಲ, ನಿಮ್ಮ ಹೆಗಲಿಂದ ತೆಗೆದು ನೆಲಕ್ಕೆ ಹೊರಿಸುತ್ತದೆ. ಆ ನೆಲ ಹೊರಲು ಒಪ್ಪಿದರೆ ಎಲ್ಲ ಸಲೀಸು, ಒಪ್ಪದಿದ್ದರೆ ಎಷ್ಟು ಒಳ್ಳೆಯ ಟ್ರಾಲಿಯೂ ದಂಡ. ಹಾಗಾಗಿ ಟ್ರಾಲಿ ಆರಿಸುವವರು ದೋಣಿಯ ಅಳತೆಗಿಂತ ಮೊದಲು ಕಾರು ನಿಲ್ಲಿಸುವ ಜಾಗದಿಂದ ನೀರಿನ ಅಂಚಿನವರೆಗೆ ಏನಿದೆ ಎಂದು ಬರಿಗೈಯಲ್ಲಿ ಒಮ್ಮೆ ನಡೆದು ಬರಬೇಕು.

ಅಂದಾಜಿಗೆ ಒಂದು ಲೆಕ್ಕ. ದೋಣಿ 30 ಕಿಲೋ, ಒಳಗಿನ ಸಾಮಾನು 10 ಕಿಲೋ, ಒಟ್ಟು 40. ಗಟ್ಟಿ ಡಾಂಬರಿನ ಮೇಲೆ ಗಾಳಿ ತುಂಬಿದ ಗಾಲಿಯನ್ನು ಉರುಳಿಸಲು ಭಾರದ ನೂರರಲ್ಲಿ ಒಂದೆರಡು ಪಾಲಿನಷ್ಟು ಬಲ ಸಾಕು, ಅಂದರೆ ಒಂದು ಕಿಲೋ ಎತ್ತುವುದಕ್ಕಿಂತ ಕಡಿಮೆ. ಅದೇ ಟ್ರಾಲಿ ಒಣ ಮರಳಿಗೆ ಇಳಿದರೆ ಭಾರದ ಐದನೇ ಒಂದು, ಮೂರನೇ ಒಂದು ಪಾಲು ಕೇಳುತ್ತದೆ. ಎಂಟರಿಂದ ಹದಿಮೂರು ಕಿಲೋ ಆಯಿತು, ಗಾಲಿ ಸಣ್ಣದಿದ್ದರೆ ಇನ್ನೂ ಹೆಚ್ಚು. ಆ ಹೊತ್ತಿಗೆ ಟ್ರಾಲಿ ಬಿಚ್ಚಿಟ್ಟು ದೋಣಿಯನ್ನೇ ದರದರ ಎಳೆಯುವುದಕ್ಕೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ.

ಮರಳಿನ ತಕರಾರು ಹೀಗೆ. ಗಾಲಿ ಹೂತಾಗ ಅದರ ಮುಂದೆ ಮರಳಿನ ಸಣ್ಣ ದಿಬ್ಬ ಏಳುತ್ತದೆ. ಗಾಲಿ ಆ ದಿಬ್ಬ ಹತ್ತಲು ಹೋಗುತ್ತದೆ, ದಿಬ್ಬ ಕುಸಿಯುತ್ತದೆ, ಮತ್ತೆ ಹೊಸ ದಿಬ್ಬ. ಸಮತಟ್ಟಾದ ಕಡಲ ದಂಡೆಯಲ್ಲೂ ಎಳೆಯುವವನು ಪೂರ್ತಿ ಹೊತ್ತು ಏರು ಹತ್ತುತ್ತಲೇ ಇರುತ್ತಾನೆ. ಹೂಳದಿರಬೇಕಾದರೆ ಭಾರ ಅಗಲಕ್ಕೆ ಹರಡಬೇಕು. ಇಲ್ಲಿ ನೆನಪಿಡಲು ಒಂದು ಸುಲಭ ಸೂತ್ರವಿದೆ: ಮೆತ್ತನೆಯ ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. ಕಾರಿನ ಟೈರಿನಲ್ಲಿ ಮೂವತ್ತರ ಆಸುಪಾಸು ಪಿಎಸ್‌ಐ ಇರುತ್ತದೆ, ಸೈಕಲ್ಲಿನಲ್ಲಿ ಅದಕ್ಕೂ ಜಾಸ್ತಿ. ಮರಳಿಗೆಂದೇ ಬರುವ ದಪ್ಪ ಬಲೂನು ಗಾಲಿಗಳಿಗೆ ಎರಡು ಮೂರು ಪಿಎಸ್‌ಐ ಸಾಕು. ಮೂರು ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 200 ಗ್ರಾಂ. ಒಂದೊಂದು ಗಾಲಿಗೆ 20 ಕಿಲೋ ಬಿದ್ದರೆ ಅದು ನೂರು ಚದರ ಸೆಂಟಿಮೀಟರ್ ನೆಲಕ್ಕೆ ಹರಡಿಕೊಳ್ಳುತ್ತದೆ. ನಡೆಯುವಾಗ ಒಂದೇ ಪಾದದ ಮೇಲೆ ನಿಂತ ಮನುಷ್ಯ ಇದರ ದುಪ್ಪಟ್ಟು ಒತ್ತುತ್ತಾನೆ. ಹಾಗಾಗಿ ಬಲೂನು ಗಾಲಿಯ ಜಾಡು ಅದನ್ನು ಎಳೆದವನ ಹೆಜ್ಜೆಗಿಂತ ತೆಳುವಾಗಿರುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಸಪೂರ ಗಾಲಿಯೋ, ಚಾಕುವಿನ ಹಾಗೆ ಕೊಯ್ದುಕೊಂಡು ಇಳಿಯುತ್ತದೆ.

ಗಾಲಿ ಬದಲಿಸಲು ಆಗದಿದ್ದರೆ ದಾರಿ ಬದಲಿಸಬಹುದು. ಭರತದ ನೀರು ತೋಯಿಸಿ ಹೋದ ಪಟ್ಟಿಯಲ್ಲಿ ಮರಳಿನ ಕಣಗಳ ನಡುವೆ ಉಳಿದ ತೇವ ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ, ಅಲ್ಲಿ ಸಾದಾ ಗಾಲಿಯೂ ಉರುಳೀತು. ಮೇಲಿನ ಒಣ ಮರಳನ್ನು ಅತಿ ಕಡಿಮೆ ದೂರದಲ್ಲಿ ನೇರವಾಗಿ ದಾಟಿ, ಉಳಿದ ದಾರಿಯನ್ನು ಒದ್ದೆ ಮರಳಿನಲ್ಲೇ ಸಾಗುವುದು ಜಾಣತನ. ಕೆಟ್ಟ ಮರಳು ಯಾವಾಗಲೂ ಕಾರು ನಿಲ್ಲಿಸುವ ಜಾಗದ ಮಗ್ಗುಲಲ್ಲೇ ಇರುತ್ತದೆ ಎಂಬುದು ಬೇರೆ ಮಾತು.

ಟ್ರಾಲಿಯನ್ನು ದೋಣಿಯ ಕೆಳಗೆ ಎಲ್ಲಿಡಬೇಕು? ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಒಂದಿಷ್ಟು ಮುಂಭಾರ ಉಳಿಸಿ ಹೇರುವುದು ಗಾಡಿಯವರ ಲೆಕ್ಕ. ಕಯಾಕಿಗೂ ಅದೇ. ನಾಲ್ಕು ಮೀಟರ್ ಉದ್ದದ, 30 ಕಿಲೋ ತೂಕದ ದೋಣಿಯಲ್ಲಿ ಭಾರದ ಕೇಂದ್ರ ನಟ್ಟನಡುವೆ ಇದೆ ಎಂದುಕೊಳ್ಳಿ. ಅಚ್ಚನ್ನು ಅದಕ್ಕಿಂತ 30 ಸೆಂಟಿಮೀಟರ್ ಹಿಂದಕ್ಕಿಟ್ಟು ಮೂತಿಯನ್ನು ಹಿಡಿದೆತ್ತಿದರೆ ಕೈಗೆ ಬರುವ ಭಾರ ನಾಲ್ಕು ಕಿಲೋ ಮಾತ್ರ. ಅಚ್ಚನ್ನು ಪೂರ್ತಿ ಹಿಂದಿನ ತುದಿಗೆ ಒಯ್ದರೆ ಅರ್ಧ ದೋಣಿ, ಅಂದರೆ 15 ಕಿಲೋ, ನಿಮ್ಮ ಕೈಯಲ್ಲೇ ತೂಗುತ್ತದೆ. ಬಾಲಕ್ಕೆ ಸಿಕ್ಕಿಸುವ ಪುಟ್ಟ ಟ್ರಾಲಿಗಳು ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತವೆ, ನೋಡಲು ಮುದ್ದಾಗಿಯೂ ಇರುತ್ತವೆ. ಮನೆಯ ಗೇಟಿನಿಂದ ಬೀದಿಯವರೆಗೆ ಅವು ಸಾಕು. ಅರ್ಧ ಕಿಲೋಮೀಟರ್ ನಡೆಯುವುದಿದ್ದರೆ ಬೇಡ.

ಇನ್ನೊಂದು ಜಾತಿಯದು ಮೇಲೆ ಕೂರುವ ಬಗೆಯ ಕಯಾಕುಗಳಿಗೆ. ಅವುಗಳಲ್ಲಿ ಒಳಬಂದ ನೀರು ಬಸಿದುಹೋಗಲು ತಳದವರೆಗೆ ತೂತುಗಳಿರುತ್ತವೆ. ಟ್ರಾಲಿಯ ಎರಡು ಕಂಬಗಳನ್ನು ಕೆಳಗಿನಿಂದ ಆ ತೂತುಗಳಿಗೆ ತೂರಿಸಿದರೆ ಮುಗಿಯಿತು, ಪಟ್ಟಿ ಕಟ್ಟುವ ರಗಳೆಯಿಲ್ಲ. ಅನುಕೂಲ ಹೌದು, ಆದರೆ ದೋಣಿಯ ಪೂರ್ತಿ ಭಾರ ಬೀಳುವುದು ತೂತಿನ ಅಂಚಿಗೆ. ಎರಕದ ವೇಳೆ ಪ್ಲಾಸ್ಟಿಕ್ ತೆಳುವಾಗಿ ಕೂರುವ ಜಾಗವೇ ಅದು. ಸಾಮಾನು ತುಂಬಿದ ದೋಣಿಯನ್ನು ಹೀಗೆ ಹೇರಿ ಕಲ್ಲುದಾರಿಯಲ್ಲಿ ಕುಲುಕಿದರೆ ಅಲ್ಲೇ ಸೀಳು ಬಿಡುತ್ತದೆ, ಮತ್ತೆ ನೀರಿನ ನಡುವೆ ಹೊಟ್ಟೆಯೊಳಗೆ ನೀರು ಜಿನುಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ದೋಣಿ ಮಾಡುವವರೇ ಎಷ್ಟೋ ಕಡೆ ಈ ಎಚ್ಚರಿಕೆ ಬರೆದಿರುತ್ತಾರೆ. ನಾನಂತೂ ಮೆತ್ತೆ ಮತ್ತು ಪಟ್ಟಿಯ ಪಕ್ಷ. ಪಟ್ಟಿಯನ್ನು ಕೈಯಿಂದ ಎಳೆದು ಬಿಗಿಯುವ ಬಕಲ್ ಸಾಕು. ಲಾರಿಯವರ ಹಲ್ಲುಗಾಲಿ ಬಕಲ್ ಹಾಕಿದರೆ ಬಿಗಿತ ಅತಿಯಾಗಿ, ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ಒಳಕ್ಕೆ ನೆಗ್ಗುತ್ತದೆ. ಅಡ್ಡಕ್ಕೆ ಒಂದು ಪಟ್ಟಿ ಕಟ್ಟಿ ನಿಲ್ಲಿಸಬೇಡಿ. ಟ್ರಾಲಿಯಿಂದ ದೋಣಿಯ ಮುಂಭಾಗದ ಯಾವುದಾದರೂ ಕೊಂಡಿಗೆ ಇನ್ನೊಂದು ಹಗ್ಗ ಎಳೆಯಿರಿ. ಇಲ್ಲದಿದ್ದರೆ ಮೊದಲ ಗುಂಡಿಯಲ್ಲಿ ಗಾಲಿ ಸಿಕ್ಕಿಕೊಳ್ಳುತ್ತದೆ, ದೋಣಿ ನಿಮ್ಮ ಜೊತೆ ಮುಂದೆ ಬರುತ್ತದೆ, ಟ್ರಾಲಿ ಹಿಂದೆ ಉಳಿಯುತ್ತದೆ.

ಗಾಲಿಯ ಎತ್ತರದ ಬಗ್ಗೆ ಒಂದೇ ಮಾತು: ಅಚ್ಚಿನಷ್ಟು ಎತ್ತರದ ಕಲ್ಲು ಅಡ್ಡ ಬಂದರೆ ನೇರ ಎಳೆದು ಹತ್ತಿಸಲು ಯಾವ ಭೀಮನಿಂದಲೂ ಆಗದು. ಹತ್ತು ಸೆಂಟಿಮೀಟರ್ ವ್ಯಾಸದ ಗಾಲಿಗೆ ಐದು ಸೆಂಟಿಮೀಟರಿನ ಕಲ್ಲೇ ಗೋಡೆ.

ನೆಲವೇ ಯಜಮಾನ ಎಂಬುದು ಚೆನ್ನಾಗಿ ಕಾಣುವುದು ಕೆನಡಾದಲ್ಲಿ. ಬ್ರಿಟಿಷ್ ಕೊಲಂಬಿಯಾದ ಬೌರನ್ ಸರೋವರ ಪ್ರಾಂತೀಯ ಉದ್ಯಾನದಲ್ಲಿ ಸರೋವರಗಳೂ ಹೊಳೆಗಳೂ ಒಂದಕ್ಕೊಂದು ಕೂಡಿ 116 ಕಿಲೋಮೀಟರಿನ ಒಂದು ಸುತ್ತು ಆಗುತ್ತದೆ. ಹೊರಟಲ್ಲಿಗೇ ಬಂದು ಸೇರುವ ದೋಣಿದಾರಿ. ನಡುವೆ ನೀರಿಲ್ಲದ ಕಡೆಗಳಲ್ಲಿ ದೋಣಿಯನ್ನು ನೆಲದ ಮೇಲೆ ಸಾಗಿಸಬೇಕು, ಇದಕ್ಕೆ ಅಲ್ಲಿನವರು ಪೋರ್ಟೇಜ್ ಎನ್ನುತ್ತಾರೆ. ತಮಾಷೆಯೆಂದರೆ ಈ ದೋಣಿಯಾತ್ರೆ ಶುರುವಾಗುವುದೇ ಕಾಲ್ನಡಿಗೆಯಿಂದ, ಕಿಬ್ಬೀ ಎಂಬ ಮೊದಲ ಸರೋವರಕ್ಕೆ 2.4 ಕಿಲೋಮೀಟರ್ ಕಾಡುದಾರಿ. ಅಲ್ಲಿ ಹೆಚ್ಚಿನವರು ಟ್ರಾಲಿ ಬಳಸುತ್ತಾರೆ, ಉದ್ಯಾನದವರು ಒಪ್ಪುತ್ತಾರೆ. ಆದರೆ ಹೊರಡುವ ಮುಂಚೆ ಸಾಮಾನನ್ನು ತಕ್ಕಡಿಗೆ ಇಡಬೇಕು. ಟ್ರಾಲಿಯ ಮೇಲಿರುವಾಗ ದೋಣಿಯೊಳಗೆ 60 ಪೌಂಡಿಗಿಂತ, ಎಂದರೆ ಸುಮಾರು 27 ಕಿಲೋಗಿಂತ ಹೆಚ್ಚು ಇರಕೂಡದು. ಮಿಕ್ಕದ್ದು ಬೆನ್ನಿಗೆ. ಕಾರಣ ದೋಣಿಯ ಮೇಲಿನ ಮಮತೆಯಲ್ಲ. ಭಾರದ ಗಾಲಿಗಳು ಮಳೆಗೆ ನೆನೆದ ಕಾಡುದಾರಿಯಲ್ಲಿ ಜಾಡು ಕೊರೆಯುತ್ತವೆ, ಜಾಡಿನಲ್ಲಿ ನೀರು ನಿಂತು ಕೆಸರಾಗುತ್ತದೆ, ಮುಂದಿನವರು ಕೆಸರು ತಪ್ಪಿಸಲು ಬದಿಯ ಗಿಡ ತುಳಿಯುತ್ತಾರೆ, ದಾರಿ ಅಗಲವಾಗುತ್ತಾ ಹೋಗುತ್ತದೆ.

ಗಡಿಯಾಚೆ ಅಮೆರಿಕದ ಮಿನ್ನೆಸೋಟದಲ್ಲಿರುವ ಬೌಂಡರಿ ವಾಟರ್ಸ್ ಕಾಡು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಹತ್ತು ಲಕ್ಷ ಎಕರೆಗೂ ಹೆಚ್ಚಿನ ವಿಸ್ತಾರ, ಸಾವಿರಕ್ಕೂ ಹೆಚ್ಚು ಸರೋವರ. ಅಲ್ಲಿ ಕೆಲವೇ ಹೆಸರಿಸಿದ ದಾರಿಗಳನ್ನು ಬಿಟ್ಟರೆ ಪೋರ್ಟೇಜಿಗೆ ಗಾಲಿಯೇ ನಿಷಿದ್ಧ. 1964ರ ಅಮೆರಿಕದ ವನ್ಯಪ್ರದೇಶ ಕಾಯ್ದೆ ಇಂಥ ಕಾಡುಗಳಲ್ಲಿ ಯಾಂತ್ರಿಕ ಸಾಗಾಟವನ್ನೇ ಬೇಡವೆಂದಿತು. ಮೋಟಾರು ಹೋಗಲಿ, ಎರಡು ಗಾಲಿಯ ಬಡಪಾಯಿ ಟ್ರಾಲಿಯೂ ಆ ಸಾಲಿಗೆ ಸೇರಿತು. ಜನ ದೋಣಿಯನ್ನು ಬೋರಲು ಹಾಕಿ, ನಡುವಿನ ಮರದ ನೊಗವನ್ನು ಹೆಗಲಿಗಿಟ್ಟು ನಡೆಯುತ್ತಾರೆ. ದೋಣಿ ಅಲ್ಲಿ ಬಹುಪಾಲು ಮೇಲ್ಭಾಗ ತೆರೆದಿರುವ ಕನೂ, ಕಯಾಕ್ ಕಡಿಮೆ. ಗುಂಡು ತಡೆಯುವ ಅಂಗಿಗೆ ಬಳಸುವ ಕೆವ್ಲಾರ್ ನೂಲಿನಿಂದ ಮಾಡಿದ, 20 ಕಿಲೋ ಆಸುಪಾಸಿನ ಕನೂಗಳಿಗೆ ಅಲ್ಲಿ ಬೇಡಿಕೆ. ದಾರಿಯ ಉದ್ದವನ್ನು ಇವತ್ತಿಗೂ ರಾಡ್ ಎಂಬ ಹಳೆಯ ಮಾಪನದಲ್ಲಿ ಹೇಳುತ್ತಾರೆ. ಒಂದು ರಾಡ್ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕನೂವಿನ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ, ದೋಣಿ ಹೊತ್ತವರಿಗೆ ಅದು ದೊಡ್ಡ ಮೈಲಿಯೇ.

ಎರಡರಲ್ಲಿ ನನಗೆ ಬೌರನ್‌ನ ತಕ್ಕಡಿಯೇ ಇಷ್ಟ. ವಯಸ್ಸಾದವರು, ಸೊಂಟ ನೋಯುವವರು, ಒಂಟಿಯಾಗಿ ಹೋಗುವವರು ಕೂಡ ಆ ಕಾಡು ನೋಡಬಹುದು, ನೆಲಕ್ಕೂ ಒಂದು ರಕ್ಷಣೆ ಇದೆ. ಮಿನ್ನೆಸೋಟದವರ ಪರ ಹೇಳುವುದಿದ್ದರೆ, ಅಲ್ಲಿನ ಪೋರ್ಟೇಜುಗಳಲ್ಲಿ ಬಂಡೆ, ಬೇರು, ಜೌಗು ಎಷ್ಟಿವೆಯೆಂದರೆ ಗಾಲಿಗೆ ಅನುಮತಿ ಕೊಟ್ಟರೂ ಎಷ್ಟೋ ಕಡೆ ಟ್ರಾಲಿಯನ್ನೇ ಹೊತ್ತು ನಡೆಯಬೇಕಾದೀತು.

ನೆಲ ಒಪ್ಪದಿದ್ದರೆ ನೆಲವನ್ನೇ ಕಟ್ಟಿಕೊಂಡವರೂ ಇದ್ದಾರೆ. ಗ್ರೀಸಿನ ಕೊರಿಂತ್ ಬಳಿ ಎರಡು ಕಡಲುಗಳ ನಡುವೆ ಆರೇಳು ಕಿಲೋಮೀಟರ್ ಅಗಲದ ನೆಲದ ಪಟ್ಟಿಯಿದೆ. ಕ್ರಿ.ಪೂ. 600ರ ಸುಮಾರಿಗೆ ಅಲ್ಲಿ ಸುಣ್ಣಕಲ್ಲು ಹಾಸಿ ಡಿಯೋಲ್ಕೋಸ್ ಎಂಬ ದಾರಿ ಮಾಡಿದರು. ಅದರ ಮೇಲೆ ಸರಕನ್ನೂ, ಕೆಲವೊಮ್ಮೆ ಹಡಗುಗಳನ್ನೂ ಈ ಕಡಲಿನಿಂದ ಆ ಕಡಲಿಗೆ ಸಾಗಿಸುತ್ತಿದ್ದರು. ಕಲ್ಲಿನಲ್ಲಿ ಗಾಲಿ ಓಡಲು ತೋಡಿದ ಜಾಡುಗಳು ಒಂದೂವರೆ ಮೀಟರಿನಷ್ಟು ಅಂತರದಲ್ಲಿ ಇಂದಿಗೂ ಕಾಣುತ್ತವೆ. ಕ್ರಿ.ಪೂ. 412ರಲ್ಲಿ ಸ್ಪಾರ್ಟಾದ ಪಕ್ಷದವರು ಯುದ್ಧದ ಹಡಗುಗಳನ್ನು ಹೀಗೆ ನೆಲ ದಾಟಿಸಿದ್ದನ್ನು ಇತಿಹಾಸಕಾರ ಥೂಸಿಡಿಡೀಸ್ ದಾಖಲಿಸಿದ್ದಾನೆ. ಅಲ್ಲಿ ಕಾಲುವೆ ತೋಡಿ ನೀರನ್ನೇ ತಂದದ್ದು 1893ರಲ್ಲಿ.

ಬ್ರಿಟನ್ನಿನ ಬ್ರಿಸ್ಟಲ್ ಕಡಲಗಾಲುವೆಯಂಥ ಕಡೆ ಟ್ರಾಲಿಯ ಅಗತ್ಯಕ್ಕೆ ಬೇರೆಯದೇ ಕಾರಣ. ಅಲ್ಲಿ ಭರತ ಇಳಿತಗಳ ಅಂತರ ದೊಡ್ಡ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಹನ್ನೆರಡು ಮೀಟರ್ ದಾಟುತ್ತದೆ. ಬೆಳಿಗ್ಗೆ ಕಾಲಬುಡದಲ್ಲಿ ನೀರಿಗಿಳಿದವನು ಮಧ್ಯಾಹ್ನ ಮರಳಿದರೆ ನೂರಾರು ಮೀಟರ್ ಕೆಸರು, ಮರಳು ಎದುರಾಗುತ್ತದೆ. ನಮ್ಮ ಕಾರವಾರ, ಮಂಗಳೂರಿನಲ್ಲಿ ಆ ಅಂತರ ಸಾಮಾನ್ಯವಾಗಿ ಎರಡು ಮೀಟರಿನ ಒಳಗೇ. ಇಲ್ಲಿ ದಡ ಅಷ್ಟೊಂದು ದೂರ ಸರಿಯುವುದಿಲ್ಲ. ಸಾಲಿಗ್ರಾಮದ ಹಿನ್ನೀರಿನ ಕಾಂಡ್ಲಾ ಕಾಡಿನಲ್ಲೋ, ಹೊನ್ನಾವರದ ಶರಾವತಿ ಅಳಿವೆಯ ಕಡೆಯೋ ಬಾಡಿಗೆ ಕಯಾಕ್ ಹತ್ತುವವರಿಗೆ ದೋಣಿ ದಂಡೆಯಲ್ಲೇ ಕಾದಿರುತ್ತದೆ, ಟ್ರಾಲಿಯ ಸುದ್ದಿಯೇ ಇಲ್ಲ. ಸ್ವಂತ ದೋಣಿ ಕೊಂಡು ಕಾರಿನ ಮೇಲೆ ಕಟ್ಟಿ ತರುವವರು ಹೆಚ್ಚಿದಂತೆ ಇಲ್ಲೂ ಅದು ಬೇಕಾಗುತ್ತದೆ. ಆಗ ಅವರು ಎದುರಿಸುವುದು ಎರಡು ನೆಲ: ಹಿನ್ನೀರಿನ ಜಿಗುಟು ಕೆಸರು, ಕಡಲ ದಂಡೆಯಲ್ಲಿ ತೆಂಕಲು ಬಡಗಲು ಹಬ್ಬಿದ ಒಣ ಮರಳು. ಕೆಸರಿನಲ್ಲಿ ಗಾಲಿಯ ಆಟ ನಡೆಯದು, ಅಲ್ಲಿ ಕಟ್ಟಿದ ಧಕ್ಕೆ ಅಥವಾ ಕಲ್ಲುಮೆಟ್ಟಿಲು ಹುಡುಕುವುದೇ ದಾರಿ. ಮರಳಿಗೆ ಬಲೂನು ಗಾಲಿ.

ಉಪ್ಪುನೀರಿನ ಊರಿನಲ್ಲಿ ಟ್ರಾಲಿ ಕೆಡುವುದು ಅಚ್ಚಿನಿಂದ. ಉಕ್ಕಿನ ಬೇರಿಂಗ್ ಇದ್ದರೆ ಒಂದು ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಹಂದರ, ಸ್ಟೇನ್‌ಲೆಸ್ ಅಚ್ಚು, ಪ್ಲಾಸ್ಟಿಕ್ ಬುಶ್ ಇರುವುದು ಬಾಳುತ್ತದೆ. ಆದರೂ ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ಹಾಗಾಗಿ ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಲೇಬೇಕು. ಗಾಲಿ ಕಳಚಿಕೊಳ್ಳದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಡಾಣಿ ಬೆರಳುಗಾತ್ರದ ತಂತಿ. ಮರಳಿಗೆ ಬಿದ್ದರೆ ಸಿಕ್ಕುವ ಆಸೆ ಬೇಡ. ಅದಕ್ಕೊಂದು ದಾರ ಕಟ್ಟಿ ಹಂದರಕ್ಕೇ ಬಿಗಿದಿಡಿ, ಎರಡು ಹೆಚ್ಚಿಗೆ ಜೇಬಿನಲ್ಲಿರಲಿ.

ನೀರಿಗಿಳಿದ ಮೇಲೆ ಟ್ರಾಲಿ ಎಲ್ಲಿರಬೇಕು ಎಂಬುದನ್ನೂ ಕೊಳ್ಳುವ ಮೊದಲೇ ಯೋಚಿಸಬೇಕು. ಹೊರಟಲ್ಲಿಗೇ ಮರಳುವುದಾದರೆ ಮರಕ್ಕೆ ಬೀಗ ಹಾಕಿ ಬಿಡಬಹುದು. ಬೇರೆ ಕಡೆ ಹತ್ತುವುದಾದರೆ ಅದು ಜೊತೆಗೆ ಬರಬೇಕು, ಮಡಚಿ ದೋಣಿಯ ಹಿಂದಿನ ತಗ್ಗಿನಲ್ಲೋ ಮುಚ್ಚಳದ ಒಳಗೋ ಕೂರಬೇಕು. ಬಲೂನು ಗಾಲಿಗಳು ಮಡಚುವುದಿಲ್ಲ, ಮರಳಿನಲ್ಲಿ ಉಪಕಾರ ಮಾಡಿದ್ದು ದೋಣಿಯಲ್ಲಿ ಜಾಗ ತಿನ್ನುತ್ತದೆ.

ಪಿವಿಸಿ ಪೈಪು, ಗಮ್ಮು, ಹಳೆಯ ಗಾಲಿ ಸೇರಿಸಿ ಮನೆಯಲ್ಲೇ ಟ್ರಾಲಿ ಮಾಡಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಒಳ್ಳೆಯ ಕೆಲಸ, ಹಂದರದಲ್ಲಿ ದೊಡ್ಡ ರಹಸ್ಯವೇನೂ ಇಲ್ಲ. ಪೈಪಿನ ಸುತ್ತ ಫೋಮ್ ಕೊಳವೆ ಸುತ್ತಿದರೆ ದೋಣಿಯ ಹೊಟ್ಟೆಗೆ ಮೆತ್ತೆ ಸಿದ್ಧ. ಅಚ್ಚಿಗೆ ಮಾತ್ರ ಪೈಪು ಸಾಲದು, ಒಳಗೆ ಲೋಹದ ಸರಳು ತೂರಿಸಬೇಕು. ಹೀಗೆ ಉಳಿದ ದುಡ್ಡನ್ನೆಲ್ಲ ಗಾಲಿಗೆ ಹಾಕಿ. ಇಡೀ ಟ್ರಾಲಿಯಲ್ಲಿ ನೆಲ ಮುಟ್ಟುವುದು ಅದೊಂದೇ.